ಮೊದಲ ಅಕ್ವೇರಿಯಂ: ನೀರು ಇವತ್ತು, ಮೀನು ಮುಂದಿನ ತಿಂಗಳು

ಹೊಸದಾಗಿ ಅಕ್ವೇರಿಯಂ ತಂದವರ ಮನೆಯಲ್ಲಿ ನಾನು ಹೆಚ್ಚುಕಡಿಮೆ ಒಂದೇ ಕಥೆ ನೋಡಿದ್ದೇನೆ. ಬೆಳಿಗ್ಗೆ ಟ್ಯಾಂಕ್, ಜಲ್ಲಿ, ಫಿಲ್ಟರ್ ಬರುತ್ತವೆ. ಸಂಜೆಗೆ ಹತ್ತು ಹನ್ನೆರಡು ಮೀನು ಬರುತ್ತವೆ. ಎರಡು ದಿನ ಮನೆಯವರೆಲ್ಲ ಗಾಜಿನ ಮುಂದೆಯೇ ಕೂತಿರುತ್ತಾರೆ. ನಾಲ್ಕನೇ ದಿನ ಒಂದು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಹತ್ತನೇ ದಿನಕ್ಕೆ ಉಳಿಯುವುದು ಎರಡೋ ಮೂರೋ. ಮಕ್ಕಳು ಅಳುತ್ತಾರೆ. ದೊಡ್ಡವರು ‘ನಮ್ಮ ಕೈಗುಣ ಸರಿ ಇಲ್ಲ’ ಅಂತ ಟ್ಯಾಂಕನ್ನು ಅಟ್ಟಕ್ಕೆ ಹಾಕುತ್ತಾರೆ. ಕೈಗುಣದ ತಪ್ಪು ಏನೂ ಇರುವುದಿಲ್ಲ. ನೀರು ಇನ್ನೂ ತಯಾರಾಗಿರಲಿಲ್ಲ, ಅಷ್ಟೇ.

ಅದಕ್ಕೇ ಈ ಲೇಖನದಲ್ಲಿ ಟ್ಯಾಂಕ್ ಜೋಡಿಸುವ ವಿಷಯ ಬೇಗ ಮುಗಿಸಿ, ನೀರು ತಯಾರು ಮಾಡುವ ವಿಷಯವನ್ನು ನಿಧಾನವಾಗಿ ಹೇಳುತ್ತೇನೆ.

ಹಂತ 1: ಟ್ಯಾಂಕ್ ಮತ್ತು ಜಾಗ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ತೆಗೆದುಕೊಳ್ಳಿ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ‘ಮೊದಲು ಚಿಕ್ಕದರಲ್ಲಿ ಕಲಿಯೋಣ’ ಅಂತ ಅನ್ನಿಸುವುದು ಸಹಜ. ಆದರೆ ಚಿಕ್ಕ ಟ್ಯಾಂಕ್ ನೋಡಿಕೊಳ್ಳುವುದೇ ಕಷ್ಟ. ನೀರು ಕಡಿಮೆ ಇದ್ದಷ್ಟೂ ಅದು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. ದುಂಡನೆಯ ಗಾಜಿನ ಬೌಲ್ ಅಂತೂ ಬೇಡವೇ ಬೇಡ. ಅದರಲ್ಲಿ ಯಾವ ಮೀನೂ ಸುಖವಾಗಿ ಇರುವುದಿಲ್ಲ.

50 ಲೀಟರ್ ನೀರಿನ ತೂಕವೇ 50 ಕಿಲೋ. ಗಾಜು, ಜಲ್ಲಿ ಸೇರಿದರೆ 70 ಕಿಲೋ ದಾಟುತ್ತದೆ. ಹಾಗಾಗಿ ಗಟ್ಟಿಯಾದ, ಸಮತಟ್ಟಾದ ಸ್ಟ್ಯಾಂಡ್ ಬೇಕು. ಅಡಿ ಗಾಜಿಗೆ ಚೌಕಟ್ಟು ಇಲ್ಲದಿದ್ದರೆ ಕೆಳಗೆ ತೆಳುವಾದ ಫೋಮ್ ಶೀಟ್ ಹಾಸಿ. ನೇರ ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ, ಪಾಚಿ ಹತ್ತುತ್ತದೆ. ಒಂದು ಸಲ ತುಂಬಿಸಿದ ಮೇಲೆ ಟ್ಯಾಂಕನ್ನು ಎತ್ತಲೇಬಾರದು, ಅಂಟು ಬಿಟ್ಟುಹೋಗುತ್ತದೆ.

ಹಂತ 2: ಸಾಮಾನು

ಫಿಲ್ಟರ್ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಸ್ಪಂಜ್ ಫಿಲ್ಟರ್, ಜೊತೆಗೆ ಒಂದು ಏರ್ ಪಂಪ್. ಅಗ್ಗ, ಕೆಡುವ ಭಾಗಗಳು ಕಡಿಮೆ, ಮರಿ ಮೀನನ್ನು ಎಳೆದುಕೊಳ್ಳುವುದಿಲ್ಲ. ನೋಡಲು ಚೆನ್ನಾಗಿಲ್ಲ ಅನ್ನುವುದು ನಿಜ. ಮುಂದೆ ಒಂದು ಗಿಡ ನೆಟ್ಟರೆ ಮರೆಯಾಗುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಮಾತ್ರ ಬಿಡುವ ಕವಾಟ) ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ. ಪ್ರತಿ ವೈರೂ ಪ್ಲಗ್ ಪಾಯಿಂಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗಲಿ. ವೈರ್ ಹಿಡಿದು ಇಳಿಯುವ ನೀರಿನ ಹನಿ ಸ್ವಿಚ್‌ಬೋರ್ಡ್ ತಲುಪದೆ ನೆಲಕ್ಕೆ ಬೀಳುತ್ತದೆ.

ಉಷ್ಣವಲಯದ ಮೀನಿಗೆ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ನಿಮ್ಮ ಕೋಣೆ ವರ್ಷವಿಡೀ ಅಷ್ಟು ಬೆಚ್ಚಗಿದ್ದರೆ ಹೀಟರ್ ಬೇಡ. ಚಳಿ ಬೀಳುವ ಕಡೆ ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ 50 ವ್ಯಾಟಿನ ಹೀಟರ್ ಹಾಕಿ. ಹೀಟರ್ ಮೇಲಿನ ಅಂಕಿಯನ್ನು ನಂಬದೆ ಬೇರೆಯೇ ಒಂದು ಥರ್ಮಾಮೀಟರ್ ಇಡಿ.

ಜಲ್ಲಿ 2ರಿಂದ 4 ಮಿಲಿಮೀಟರ್ ಗಾತ್ರದ್ದು, ಬಣ್ಣ ಬಳಿಯದ್ದು. ಬಕೆಟ್‌ನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಸೋಪು ಮಾತ್ರ ಯಾವುದಕ್ಕೂ ಮುಟ್ಟಿಸಬೇಡಿ. ಗಿಡಕ್ಕೆ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಜಾವಾ ಫರ್ನ್ ಸಾಕು. ಜಾವಾ ಫರ್ನ್‌ನ ದಪ್ಪ ಬೇರುಕಾಂಡವನ್ನು ಜಲ್ಲಿಯಲ್ಲಿ ಹೂಳಿದರೆ ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ.

ಇನ್ನು ಎರಡು ಬಾಟಲಿಗಳ ಮಾತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದನ್ನು ತೆಗೆಯುವ ಆಂಟಿ ಕ್ಲೋರಿನ್ ದ್ರಾವಣ ಬೇಕೇ ಬೇಕು. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕೆಲವು ಕಡೆ ಅದರ ಬದಲು ಬೆರೆಸುವ ಕ್ಲೋರಮೀನ್ ಹೋಗುವುದಿಲ್ಲ. ಎರಡನೆಯದು ಅಂಗಡಿಯವರು ‘ಯಾವುದಕ್ಕೂ ಇರಲಿ’ ಅಂತ ಕೊಡುವ ನೀಲಿ ಬಾಟಲಿ, ಮೆತಿಲೀನ್ ಬ್ಲೂ. ಅದು ಔಷಧಿ. ಬೇರೆ ಪಾತ್ರೆಯಲ್ಲಿ, ಕಾಯಿಲೆ ಬಿದ್ದ ಮೀನಿಗೆ ಉಪಯೋಗಿಸುವಂಥದ್ದು. ಹೊಸ ಟ್ಯಾಂಕಿಗೆ ಸುರಿದರೆ ನಾವು ಕಷ್ಟಪಟ್ಟು ಬೆಳೆಸಬೇಕಾದ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಗಾಜಿನ ಅಂಟಿಗೂ ನೀಲಿ ಹಿಡಿಯುತ್ತದೆ. ಅದನ್ನು ತರಲೇಬೇಡಿ.

ಜಲ್ಲಿ ಹಾಕಿ, ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನೀರು ಸುರಿಯಿರಿ, ಜಲ್ಲಿ ಚದುರುವುದಿಲ್ಲ. ಆಂಟಿ ಕ್ಲೋರಿನ್ ಬೆರೆಸಿ, ಗಿಡ ನೆಟ್ಟು, ಫಿಲ್ಟರ್ ಚಾಲೂ ಮಾಡಿ.

ಹಂತ 3: ಮೀನಿಲ್ಲದ ತಿಂಗಳು

ಇಲ್ಲಿಯೇ ಎಲ್ಲರೂ ಎಡವುವುದು. ಮೀನು ಕಿವಿರಿನ ಮೂಲಕ ಸದಾ ಅಮೋನಿಯಾ ಹೊರಹಾಕುತ್ತದೆ. ಅದರ ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಬರುತ್ತದೆ. ಅದು ವಿಷ. ನದಿಯಲ್ಲಾದರೆ ಹರಿದುಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ವಾಸಿಸುವುದು ಸ್ಪಂಜಿನಲ್ಲಿ, ಜಲ್ಲಿಯ ಮೇಲೆ. ನೀರಿನಲ್ಲಿ ತೇಲಾಡುವವು ತೀರಾ ಕಡಿಮೆ. ಹೊಸ ಟ್ಯಾಂಕಿನಲ್ಲಿ ಅವು ಇಲ್ಲವೆಂದೇ ಹೇಳಬೇಕು. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು.

ನೀರು ಕನ್ನಡಿ ಥರ ತಿಳಿಯಾಗಿದೆಯಲ್ಲ, ಇನ್ನೇನು ಬೇಕು ಅಂತ ಕೇಳುತ್ತಾರೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನು ಸಾಯುವಷ್ಟಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಅಳೆದೇ ತಿಳಿಯಬೇಕು. ಹನಿ ಹಾಕಿ ಬಣ್ಣ ನೋಡುವ ದ್ರವದ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ) ನಾಲ್ಕೂ ಅದರಲ್ಲಿರಲಿ. ಅದ್ದಿ ತೆಗೆಯುವ ಕಾಗದದ ಪಟ್ಟಿ ನನಗೆ ಇಷ್ಟವಿಲ್ಲ. ಎಷ್ಟೋ ಪಟ್ಟಿಗಳಲ್ಲಿ ಮುಖ್ಯವಾದ ಅಮೋನಿಯಾ ಪರೀಕ್ಷೆಯೇ ಇರುವುದಿಲ್ಲ. ಅಲಂಕಾರದ ಗೊಂಬೆ ಬಿಟ್ಟರೂ ಪರವಾಗಿಲ್ಲ, ಕಿಟ್ ಬಿಡಬೇಡಿ.

ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಅದಕ್ಕೆ ಊಟ ಬೇಕು, ಅಂದರೆ ಅಮೋನಿಯಾ ಬೇಕು. ಸುಮ್ನೆ ನೀರು ತುಂಬಿಸಿ ಒಂದು ತಿಂಗಳು ಫಿಲ್ಟರ್ ಓಡಿಸಿದರೆ ಏನೂ ಆಗುವುದಿಲ್ಲ. ಹಾಗೆ ಮಾಡಿ, ತಿಂಗಳು ಕಾದು, ಆಮೇಲೂ ಮೀನು ಕಳೆದುಕೊಂಡವರನ್ನು ನೋಡಿದ್ದೇನೆ. ಪಾಪ, ಕಾದದ್ದು ಸರಿಯಾಗಿತ್ತು, ಊಟ ಹಾಕುವುದು ಮರೆತಿದ್ದರು.

ನಾನು ಮಾಡುವುದು ಹೀಗೆ. 3 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡುತ್ತೇನೆ. ಅದರಲ್ಲಿ 10 ಮಿಲಿಲೀಟರನ್ನು 50 ಲೀಟರ್ ನೀರಿಗೆ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ (ಅಂದರೆ ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂದುಕೊಳ್ಳಬೇಡಿ. 5 ಪಿಪಿಎಂ ದಾಟಿದರೆ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನವಾಗುತ್ತದೆ. ಇದು ಸಿಗದಿದ್ದರೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬಹುದು. ಕೆಲಸ ಆಗುತ್ತದೆ, ಆದರೆ ಅಳತೆ ಸಿಗುವುದಿಲ್ಲ, ವಾಸನೆ ಬೇರೆ.

ಈಗ ಎರಡು ದಿನಕ್ಕೊಮ್ಮೆ ಪರೀಕ್ಷೆ ಮಾಡಿ, ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲ ಒಂದೆರಡು ವಾರ ಅಮೋನಿಯಾ ಅಲ್ಲಾಡುವುದೇ ಇಲ್ಲ. ಬೇಸರ ಆಗುತ್ತದೆ. ಒಂದು ದಿನ ಅದು ಇಳಿಯತೊಡಗುತ್ತದೆ, ಅದೇ ಹೊತ್ತಿಗೆ ನೈಟ್ರೈಟ್ ಕಾಣಿಸುತ್ತದೆ. ಅಮೋನಿಯಾ ಸೊನ್ನೆಗೆ ಬಂದಾಗ ಇನ್ನೊಮ್ಮೆ 10 ಮಿಲಿಲೀಟರ್ ಹಾಕಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅಮೋನಿಯಾ ಸೊನ್ನೆ ಬಂತು, ಆಯ್ತು ಅಂತ ಮೀನು ತರಲು ಹೋಗುತ್ತಾರೆ. ಇನ್ನೂ ಅರ್ಧ ಕೆಲಸ ಬಾಕಿ ಇದೆ. ನೈಟ್ರೈಟ್ ತಿನ್ನುವ ಎರಡನೇ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತದೆ. ಎರಡು ಮೂರು ವಾರ ನೈಟ್ರೈಟ್ ಬಣ್ಣ ಗಾಢವಾಗಿಯೇ ಇರುತ್ತದೆ. ಕಿಟ್ಟಿನ ಕೊನೆಯ ಬಣ್ಣವನ್ನೂ ಮೀರಿದರೆ ಅರ್ಧ ನೀರು ಬದಲಿಸಿ. ಪಿಎಚ್ 6.5ಕ್ಕಿಂತ ಕೆಳಗೆ ಹೋದರೂ ಕೆಲಸ ನಿಲ್ಲುತ್ತಾ ಬರುತ್ತದೆ, ಆಗಲೂ ನೀರು ಬದಲಿಸುವುದೇ ಮದ್ದು. ನೀರು 27 ಡಿಗ್ರಿ ಆಸುಪಾಸು ಇದ್ದರೆ ಬ್ಯಾಕ್ಟೀರಿಯಾ ಚುರುಕಾಗಿರುತ್ತದೆ.

ಮಧ್ಯದಲ್ಲಿ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಗಬಹುದು. ಹೆದರಿ ಎಲ್ಲ ಖಾಲಿ ಮಾಡಬೇಡಿ. ಕೆಲವು ದಿನದಲ್ಲಿ ತಾನೇ ತಿಳಿಯಾಗುತ್ತದೆ.

ಕೊನೆಯ ಪರೀಕ್ಷೆ ಇದು: 2 ಪಿಪಿಎಂ ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ಅಳೆಯಿರಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಏರಿದೆ. ಎರಡು ದಿನ ಹೀಗೇ ಬಂದರೆ ಟ್ಯಾಂಕ್ ತಯಾರು. ಮುಕ್ಕಾಲು ಪಾಲು ನೀರು ಬದಲಿಸಿ, ಒಂದೆರಡು ದಿನದಲ್ಲಿ ಮೀನು ತನ್ನಿ. ತಡವಾದರೆ ಅಷ್ಟು ದಿನವೂ ಅಮೋನಿಯಾ ಹಾಕುತ್ತಿರಬೇಕು, ಇಲ್ಲದಿದ್ದರೆ ಬೆಳೆಸಿದ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತದೆ.

ಅಡ್ಡದಾರಿ ಇಲ್ವಾ ಅಂದರೆ, ಒಂದು ಒಳ್ಳೆಯ ದಾರಿ ಇದೆ. ವರ್ಷಗಳಿಂದ ಆರೋಗ್ಯವಾಗಿ ನಡೆಯುತ್ತಿರುವ ಟ್ಯಾಂಕ್ ಇರುವ ಗೆಳೆಯರಿದ್ದರೆ, ಅವರ ಹಳೆಯ ಸ್ಪಂಜನ್ನು ಕೇಳಿ ತನ್ನಿ. ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿಯೇ ತರಬೇಕು, ಒಣಗಬಾರದು, ನಲ್ಲಿ ನೀರು ತಾಗಬಾರದು. ನಾಲ್ಕು ವಾರದ ಕೆಲಸ ಒಂದೇ ವಾರದಲ್ಲಿ ಆದದ್ದೂ ಇದೆ. ಅಲ್ಲಿನ ನೀರನ್ನಷ್ಟೇ ತಂದರೆ ಪ್ರಯೋಜನವಿಲ್ಲ. ಬ್ಯಾಕ್ಟೀರಿಯಾ ಬಾಟಲಿಗಳು ಸಿಗುತ್ತವೆ, ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಹಾಕಿದರೂ ಅಳೆಯುವುದನ್ನು ಬಿಡಬೇಡಿ. ‘ಇವತ್ತೇ ಹಾಕಿ, ಇವತ್ತೇ ಮೀನು ಬಿಡಿ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ಹಂತ 4: ಯಾವ ಮೀನು, ಎಷ್ಟು

50 ಲೀಟರಿಗೆ ನನ್ನ ಆಯ್ಕೆ ಗಂಡು ಗಪ್ಪಿ. ಆರು ಗಪ್ಪಿ ಸಾಕು. ಹೆಣ್ಣು ಬೇಡ ಅನ್ನುವುದಕ್ಕೆ ಕಾರಣವಿದೆ: ಒಮ್ಮೆ ಕೂಡಿದ ಹೆಣ್ಣು ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ, ಟ್ಯಾಂಕ್ ತುಂಬಿಹೋಗುತ್ತದೆ. ಗಡಸು ನೀರು ಗಪ್ಪಿಗೆ ಚೆನ್ನ. ನಿಮ್ಮಲ್ಲಿ ಮೆದು ನೀರಿದ್ದರೆ ಚೆರ್ರಿ ಬಾರ್ಬ್ ಅಥವಾ ಟೆಟ್ರಾ ನೋಡಿ. ನಿಯಾನ್ ಟೆಟ್ರಾ ಹೊಸ ಟ್ಯಾಂಕಿನಲ್ಲಿ ನಲುಗುತ್ತದೆ, ಎರಡು ಮೂರು ತಿಂಗಳು ಕಳೆದ ಮೇಲೆ ತನ್ನಿ. ತಂದರೆ ಆರಕ್ಕಿಂತ ಕಡಿಮೆ ಬೇಡ, ಅದು ಗುಂಪಿನಲ್ಲೇ ಬದುಕುವ ಮೀನು.

ಬೇಡದ ಮೀನುಗಳಿವು. ಗೋಲ್ಡ್‌ಫಿಶ್ ತಂಪು ನೀರಿನದು, ಗಲೀಜೂ ಜಾಸ್ತಿ ಮಾಡುತ್ತದೆ. ‘ಟ್ಯಾಂಕ್ ಕ್ಲೀನ್ ಮಾಡುತ್ತದೆ’ ಅಂತ ಮಾರುವ ಸಕರ್ ಮೀನು ಒಂದಡಿಗಿಂತ ಉದ್ದ ಬೆಳೆಯುತ್ತದೆ. ಏಂಜೆಲ್ ದೊಡ್ಡದಾದ ಮೇಲೆ ನಿಯಾನನ್ನು ನುಂಗುತ್ತದೆ. ಗಂಡು ಫೈಟರ್ ಮೀನನ್ನು ಗಪ್ಪಿ ಜೊತೆ ಬಿಟ್ಟರೆ ಬಾಲಗಳು ಹರಿಯುತ್ತವೆ. ಇನ್ನು ಮೈಯಲ್ಲಿ ಗುಲಾಬಿ, ಹಸಿರು ಪಟ್ಟೆ ಹೊಳೆಯುವ ಗ್ಲಾಸ್ ಮೀನು. ಅದರ ಮೈ ಸಹಜವಾಗಿ ಗಾಜಿನಂತೆ ಪಾರದರ್ಶಕ. ಆ ಬಣ್ಣವನ್ನು ಸೂಜಿಯಿಂದ ಚುಚ್ಚಿರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಕೊಳ್ಳುವವರಿದ್ದರೆ ಚುಚ್ಚುವವರೂ ಇರುತ್ತಾರೆ.

ಹಂತ 5: ಮನೆಗೆ ತಂದು ಬಿಡುವುದು

ಮೊದಲ ಸಲ ಮೂರೋ ನಾಲ್ಕೋ ಮೀನು. ಲೈಟ್ ಆರಿಸಿ, ಮೀನಿನ ಕವರನ್ನು 15–20 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಐದು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರನ್ನು ಕವರಿಗೆ ಹಾಕಿ, ಅರ್ಧ ಗಂಟೆ ಹೀಗೆ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಟ್ಯಾಂಕಿಗೆ ಬೇಡ, ಅಂಗಡಿಯ ಕಾಯಿಲೆ ಅದರಲ್ಲೇ ಬರುವುದು. ಉಳಿದ ಮೀನು ಎರಡು ವಾರ ಬಿಟ್ಟು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರುವುದನ್ನು ನೋಡಿಕೊಂಡು.

ಆಮೇಲಿನ ವಾರಗಳು

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಲೈಟ್ ದಿನಕ್ಕೆ 6ರಿಂದ 8 ಗಂಟೆ. ವಾರಕ್ಕೊಮ್ಮೆ ಹೀಟರ್ ಪ್ಲಗ್ ತೆಗೆದು, ಕಾಲು ಭಾಗ ನೀರು ಬದಲಿಸಿ. ಹೊಸ ನೀರಿಗೆ ಆಂಟಿ ಕ್ಲೋರಿನ್ ಮರೆಯಬೇಡಿ. ಸ್ಪಂಜ್ ಕಟ್ಟಿಕೊಂಡರೆ, ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಅದನ್ನು ಹಿಂಡಿ. ನಲ್ಲಿ ಕೆಳಗೆ ಹಿಡಿದು ಬೆಳ್ಳಗೆ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು, ಮತ್ತೆ ಹಂತ 3ಕ್ಕೆ ಬರುತ್ತೀರಿ. ಈ ಸಲ ಟ್ಯಾಂಕಿನಲ್ಲಿ ಮೀನೂ ಇರುತ್ತದೆ.

ಮೂರು ನಾಲ್ಕು ದಿನ ಊರಲ್ಲಿ ಇರುವುದಿಲ್ಲ ಅಂದರೆ ಬೆಳೆದ ಮೀನಿಗೆ ಊಟವಿಲ್ಲದಿದ್ದರೂ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ದಿನವಾದರೆ ಪಕ್ಕದ ಮನೆಯವರಿಗೆ ಹೇಳಿ. ಆದರೆ ಆಹಾರದ ಡಬ್ಬಿಯನ್ನೇ ಕೈಗೆ ಕೊಡಬೇಡಿ. ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ. ಒಂದೊಂದು ಹೊತ್ತಿನದನ್ನು ಒಂದೊಂದು ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು ಕೊಡಿ.