ಒಮ್ಮೆ ಉಂಟು, ಒಮ್ಮೆ ಇಲ್ಲ: ಕಾರಿನ ವೈರಿಂಗ್ ದೋಷ ಹುಡುಕುವುದು ಹೇಗೆ?

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಮಂಗಳೂರು, ಉಡುಪಿಯ ಆಟೋ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಒಂದೇ ನಮೂನೆಯ ದೂರು ಬರಲು ಶುರುವಾಗುತ್ತದೆ. ಹಾರ್ನ್ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಹಂಪ್ ಹತ್ತಿಳಿದರೆ ಮ್ಯೂಸಿಕ್ ಸಿಸ್ಟಂ ಬಂದ್. ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ, ಹನ್ನೊಂದು ಗಂಟೆಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಗ್ಯಾರೇಜಿಗೆ ಒಯ್ದಾಗ ಮಾತ್ರ ಎಲ್ಲವೂ ಸರಿ.

ಇಂಥ ಹೊತ್ತಿನಲ್ಲಿ ಹೆಚ್ಚಿನ ಕಡೆ ನಡೆಯುವುದು ಅಂದಾಜಿನ ರಿಪೇರಿ. ಮೊದಲು ಬ್ಯಾಟರಿ ಬದಲು, ಆಮೇಲೆ ಸೆನ್ಸರ್, ಆಮೇಲೆ ಸ್ವಿಚ್. ದುಡ್ಡು ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ. ಬಂದು ಹೋಗುವ ದೋಷದಲ್ಲಿ ಪಾರ್ಟ್ ಮೇಲಿನ ಅನುಮಾನ ಕೊನೆಗಿರಲಿ. ಮೊದಲು ನೋಡಬೇಕಾದದ್ದು ವೈರು, ಕಪ್ಲರ್ (ವೈರುಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಾಸ್ಟಿಕ್ ಪ್ಲಗ್), ಬಾಡಿ ಅರ್ಥ್ (ಕರೆಂಟು ಬಾಡಿಯ ಮೂಲಕ ವಾಪಸ್ ಬರುವ ದಾರಿ). ಸುಟ್ಟುಹೋದ ಬಲ್ಬ್ ತಾನಾಗಿ ಉರಿಯುವುದಿಲ್ಲ. ಸಡಿಲವಾದ ಜಾಯಿಂಟ್ ಮಾತ್ರ ಹಾಗೆ ಬಂದು ಹೋಗುವ ಆಟ ಆಡುತ್ತದೆ.

ಕರಾವಳಿಯಲ್ಲಿ ಈ ಕಾಟ ಜಾಸ್ತಿ ಇರುವುದಕ್ಕೆ ಕಾರಣ ಉಂಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಗಾಳಿಯಲ್ಲೇ ಉಪ್ಪು. ತೇವ ಮತ್ತು ಉಪ್ಪು ಸೇರಿದರೆ ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣದ ಬೋಲ್ಟಿಗೆ ತುಕ್ಕು. ತೋಟದ ಬದಿಯ ಮನೆಯಾದರೆ ಇಲಿಗಳೂ ಸೇರಿಕೊಳ್ಳುತ್ತವೆ.

ಬೇಕಾದ ಸಾಮಾನು ಕಮ್ಮಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಎರಡೂ ಕೊನೆಗೆ ಕ್ಲಿಪ್ ಇರುವ ಉದ್ದದ ವೈರು, ಟಾರ್ಚ್, ಮರಳು ಕಾಗದ, ಕಾಂಟ್ಯಾಕ್ಟ್ ಕ್ಲೀನರ್.

ಮೊದಲು ಬರೆದಿಡಿ

ದೋಷ ಕಾಣಿಸಿದಾಗಲೆಲ್ಲ ಮೊಬೈಲಿನಲ್ಲಿ ಎರಡು ಸಾಲು ಬರೆಯಿರಿ. ಮಳೆ ಇತ್ತೇ? ಎಂಜಿನ್ ಬಿಸಿಯೋ ತಣ್ಣಗೋ? ಎಡಕ್ಕೆ ತಿರುಗುವಾಗಲೋ, ಗುಂಡಿಗೆ ಬಿದ್ದಾಗಲೋ? ಆಗ ಎಸಿ, ಹೆಡ್‌ಲೈಟ್, ವೈಪರ್ ಯಾವುದು ಆನ್ ಇತ್ತು? ಅದರ ಜೊತೆ ಬೇರೆ ಏನಾದರೂ ನಿಂತಿತೇ?

ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹಾರ್ನ್ ಒಂದೇ ನಿಂತರೆ ಹುಡುಕುವ ಜಾಗ ಚಿಕ್ಕದು. ಹಾರ್ನ್ ಜೊತೆ ಸ್ಟೀರಿಂಗ್ ಮೇಲಿನ ಬಟನ್‌ಗಳೂ ನಿಂತು, ಏರ್‌ಬ್ಯಾಗ್ ಲೈಟೂ ಉರಿದರೆ ಅನುಮಾನ ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್ ಮೇಲೆ. ಅದು ಮನೆಯಲ್ಲಿ ಬಿಚ್ಚುವ ಕೆಲಸ ಅಲ್ಲ. ಮಳೆಯಲ್ಲಿ ಮಾತ್ರ ಬರುವ ದೋಷ ನೀರು ಇಳಿಯುವ ದಾರಿಯಲ್ಲಿರುತ್ತದೆ. ಗುಂಡಿಯಲ್ಲಿ ಬರುವುದು ಸಡಿಲ ಕಪ್ಲರಿನದು. ಅರ್ಧ ಗಂಟೆ ಓಡಿದ ಮೇಲೆ ಬರುವುದು ಬಿಸಿಗೆ ಹಿಗ್ಗುವ ಜಾಯಿಂಟಿನದು, ಇಲ್ಲವೇ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಒಳಗೆ ಬಿಟ್ಟುಕೊಂಡ ಬೆಸುಗೆಯದು. ರಿಲೇ ಪರೀಕ್ಷೆ ಸುಲಭ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ.

ಬ್ಯಾಟರಿ ಸರಿ ಉಂಟಾ?

ರಾತ್ರಿಯಿಡೀ ನಿಂತ ಕಾರಿನಲ್ಲಿ ಮೀಟರ್ 12.6 ವೋಲ್ಟ್ ಆಸುಪಾಸು ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಟರ್ಮಿನಲ್ ಕ್ಲಾಂಪ್ ಕೈಯಲ್ಲಿ ತಿರುಗಿಸಿದರೆ ತಿರುಗಬಾರದು. ಬಿಳಿ ಪುಡಿ ಕಂಡರೆ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ ಬಿಗಿ ಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಅರ್ಥ್: ಅರ್ಧ ಕಥೆ ಇಲ್ಲೇ

ಕಾರಿನಲ್ಲಿ ಪ್ಲಸ್ ಕರೆಂಟ್ ವೈರಿನಲ್ಲಿ ಹೋಗುತ್ತದೆ, ವಾಪಸ್ ಬರುವುದು ಬಾಡಿಯ ಮೂಲಕ. ಹೆಡ್‌ಲೈಟ್ ಹಿಂದೆ, ಬ್ಯಾಟರಿ ಟ್ರೇ ಕೆಳಗೆ, ಡ್ರೈವರ್ ಕಾಲಿನ ಬದಿಯ ಪ್ಯಾನೆಲ್ ಒಳಗೆ, ಡಿಕ್ಕಿಯ ಮೂಲೆಯಲ್ಲಿ ಕಪ್ಪು ಅಥವಾ ಕಂದು ವೈರುಗಳನ್ನು ಒಂದು ಬೋಲ್ಟಿಗೆ ಕಚ್ಚಿಸಿರುತ್ತಾರೆ. ಆ ಬೋಲ್ಟಿನ ಅಡಿಗೆ ತುಕ್ಕು ಹಿಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದಾಗ ಪಾರ್ಕಿಂಗ್ ಲೈಟ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಪಕ್ಕದ ಬಲ್ಬ್ ತಾಳ ಹಾಕುವುದು ಇದರದ್ದೇ ಚಿತಾವಣೆ. ಸಂಬಂಧವೇ ಇಲ್ಲದ ಎರಡು ವಸ್ತುಗಳು ಒಟ್ಟಿಗೆ ವಿಚಿತ್ರವಾಗಿ ಆಡಿದರೆ ಕಣ್ಣು ಮುಚ್ಚಿ ಅರ್ಥ್ ಹುಡುಕಲು ಹೊರಡಿ.

ಇಲ್ಲಿ ಮಲ್ಟಿಮೀಟರ್ ಮೋಸ ಮಾಡುವುದುಂಟು. ವೈರಿನಲ್ಲಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟು ಏನೂ ಇಲ್ಲವೆನ್ನುವಷ್ಟು ಕಮ್ಮಿ. ಬಾವಿ ಹಗ್ಗ ಹರಿದು ಒಂದೇ ಎಳೆ ಉಳಿದಿದ್ದರೂ ಖಾಲಿ ಕೊಡಪಾನ ಇಳಿಯುತ್ತದೆ, ತುಂಬಿದ ಕೊಡ ಎಳೆಯುವಾಗಲೇ ಬಣ್ಣ ಬಯಲಾಗುವುದು, ಅಲ್ವಾ? ಹಾಗಾಗಿ ಲೋಡ್ ಇಟ್ಟೇ, ಅಂದರೆ ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಲೆಕ್ಕ ನೋಡಿ: 55 ವ್ಯಾಟಿನ ಹೆಡ್‌ಲೈಟ್ ಬಲ್ಬಿನ ದಾರಿಯಲ್ಲಿ ಬರೇ ಒಂದು ಓಮ್ ಅಡ್ಡಿ ಬಂದರೆ 12 ವೋಲ್ಟಿನಲ್ಲಿ 3 ವೋಲ್ಟಿಗೂ ಜಾಸ್ತಿ ಅಲ್ಲೇ ಕರಗಿ ಹೋಗುತ್ತದೆ.

ಅಳೆಯುವ ಕ್ರಮ ಹೀಗೆ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ. ಕ್ಲಾಂಪಿಗೆ ಅಲ್ಲ, ಸೀಸದ ಗೂಟಕ್ಕೇ. ಅನುಮಾನದ ಲೈಟ್ ಆನ್ ಮಾಡಿ. ಕೆಂಪು ಕಡ್ಡಿಯನ್ನು ಆ ಬಲ್ಬಿನ ಅರ್ಥ್ ಪಿನ್ನಿಗೆ ಮುಟ್ಟಿಸಿ. 0.1, 0.2 ವೋಲ್ಟ್ ಬಂದರೆ ಚಿಂತೆ ಇಲ್ಲ. 0.5 ಅಥವಾ ಅದಕ್ಕೂ ಮೇಲೆ ಬಂದರೆ ಕಳ್ಳ ಇದೇ ದಾರಿಯಲ್ಲಿದ್ದಾನೆ. ಈಗ ಕೆಂಪು ಕಡ್ಡಿಯನ್ನು ಬ್ಯಾಟರಿಯ ಕಡೆಗೆ ಹಂತ ಹಂತವಾಗಿ ತನ್ನಿ: ಕಪ್ಲರಿನ ಈಚೆ, ಅರ್ಥ್ ಲಗ್ (ವೈರಿನ ತುದಿಯ ಲೋಹದ ಬಳೆ), ಬೋಲ್ಟ್, ಬೋಲ್ಟ್ ಪಕ್ಕದ ಬಾಡಿ, ಮೈನಸ್ ಕ್ಲಾಂಪ್. ರೀಡಿಂಗ್ ದಡಕ್ಕನೆ ಇಳಿಯಿತೇ? ಹಿಂದಿನ ಬಿಂದುವಿಗೂ ಈ ಬಿಂದುವಿಗೂ ನಡುವೆ ದೋಷ.

ಸೆಲ್ಫ್ ತೊಂದರೆಗೂ ಇದೇ ಉಪಾಯ. ಕೆಂಪು ಕಡ್ಡಿ ಎಂಜಿನ್ ಬ್ಲಾಕಿಗೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.3 ದಾಟಿದರೆ ಎಂಜಿನ್‌ನಿಂದ ಬಾಡಿಗೆ ಬರುವ ಹೆಣೆದ ಪಟ್ಟಿ ಅಥವಾ ಅದರ ಬೋಲ್ಟ್ ನೋಡಿ. ಹಳೇ ಕಾರುಗಳಲ್ಲಿ ಆ ಪಟ್ಟಿ ಕಡಿದರೆ ಕರೆಂಟು ಕ್ಲಚ್ ಕೇಬಲಿನ ಮೂಲಕ ಹೋಗಿ, ಕೇಬಲ್ ಕೈಗೆ ಬಿಸಿ ತಾಗುವುದೂ ಉಂಟು.

ಇಷ್ಟಕ್ಕೆಲ್ಲ ತಾಳ್ಮೆ ಇಲ್ಲದವರು ಕ್ಲಿಪ್ ವೈರಿನ ಒಂದು ಕೊನೆ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕೊನೆ ಬಲ್ಬಿನ ಅರ್ಥ್ ವೈರಿಗೆ ಹಾಕಿ ನೋಡಿ. ದೋಷ ಮಾಯವಾದರೆ ಉತ್ತರ ಸಿಕ್ಕಿತು. ಬೋಲ್ಟ್ ಬಿಚ್ಚಿ, ಲಗ್ ಮತ್ತು ಬಾಡಿ ಎರಡನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲಿನಿಂದ ಗ್ರೀಸ್ ಬಳಿಯಿರಿ.

ಬಾಗುವ ಜಾಗ, ಮುರಿಯುವ ವೈರು

ಉಡುಪಿಯ ಪರಿಚಿತರೊಬ್ಬರ ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿ ತೆರೆದರೆ ನಂಬರ್ ಪ್ಲೇಟ್ ಲೈಟ್ ಉರಿಯುತ್ತಿತ್ತು, ಮುಚ್ಚಿದರೆ ನಂದುತ್ತಿತ್ತು. ಬಲ್ಬ್ ಬದಲಿಸಿ ಆಗಿತ್ತು, ಹೋಲ್ಡರೂ ಹೊಸತು. ಡಿಕ್ಕಿಯ ಹಿಂಜಿನ ಹತ್ತಿರ ಬಾಡಿಯಿಂದ ಬಾಗಿಲಿಗೆ ಹೋಗುವ ರಬ್ಬರ್ ಕೊಳವೆ ಇರುತ್ತದಲ್ಲ, ಅದನ್ನು ಹಿಂದಕ್ಕೆ ಸರಿಸಿದಾಗ ಏಳೆಂಟು ವೈರುಗಳು ಕಂಡವು. ಹೊರಗಿನಿಂದ ಎಲ್ಲವೂ ಸರಿ. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದಾಗ ಒಂದು ವೈರು ಮಾತ್ರ ಹಿಗ್ಗಿತು. ತಾಮ್ರ ಇದ್ದಿದ್ದರೆ ಹಿಗ್ಗುವುದಿಲ್ಲ. ಒಳಗೆ ತಾಮ್ರ ಕಡಿದು, ಪ್ಲಾಸ್ಟಿಕ್ ಮಾತ್ರ ಉಳಿದಿತ್ತು. ಬಾಗಿಲು ತೆರೆದಾಗ ತುಂಡಾದ ಎರಡು ಮುಖ ಒಂದಕ್ಕೊಂದು ತಾಗುತ್ತಿದ್ದವು, ಮುಚ್ಚಿದಾಗ ಬಿಡುತ್ತಿದ್ದವು.

ಸೆಂಟ್ರಲ್ ಲಾಕ್, ಪವರ್ ವಿಂಡೋ, ಬಾಗಿಲಿನ ಸ್ಪೀಕರ್ ಬಂದು ಹೋದರೆ ಬಾಗಿಲು ಮತ್ತು ಕಂಬದ ನಡುವಿನ ಇಂಥದೇ ಕೊಳವೆ ಬಿಚ್ಚಿ ನೋಡಿ. ಡ್ರೈವರ್ ಬಾಗಿಲು ಹೆಚ್ಚು ಸಲ ತೆರೆಯುವುದರಿಂದ ಮೊದಲ ಅನುಮಾನ ಅದರ ಮೇಲೆ.

ನೀರು, ಎಲೆ, ಇಲಿ

ಮಾವು, ಗೇರು, ಹಲಸಿನ ಮರದಡಿ ಕಾರು ನಿಲ್ಲಿಸುವವರು ವಿಂಡ್‌ಶೀಲ್ಡ್ ಬುಡದ ಪ್ಲಾಸ್ಟಿಕ್ ಜಾಲರಿ ತೆಗೆದು ನೋಡಬೇಕು. ಎಲೆ ಕೊಳೆತು ನೀರಿನ ತೂತು ಕಟ್ಟಿದರೆ ಮಳೆನೀರು ಡ್ಯಾಶ್‌ಬೋರ್ಡಿನ ಒಳಗೆ ಇಳಿಯುತ್ತದೆ. ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಮ್ಯಾಟ್ ಒಣಗಿಸಿ ಸುಮ್ನೆ ಕೂರಬೇಡಿ. ಒಳಗಿನ ಫ್ಯೂಸ್ ಬಾಕ್ಸ್ ಹಲವು ಕಾರುಗಳಲ್ಲಿ ಅದರ ಪಕ್ಕದಲ್ಲೇ ಇರುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ನೆರೆನೀರಲ್ಲಿ ನಿಂತ ಕಾರಾದರೆ ಸೀಟಿನ ಅಡಿಯ ಕಪ್ಲರ್‌ಗಳನ್ನೂ ತೆರೆದು ನೋಡಿ, ಆದರೆ ಹಳದಿ ಬಣ್ಣದ್ದನ್ನು ಮುಟ್ಟಬೇಡಿ. ಅದು ಏರ್‌ಬ್ಯಾಗಿನದು.

ಇಲಿ ಕಡಿದ ವೈರು ಕಾಣುವುದು ಸುಲಭ, ಹಿಕ್ಕೆ ಮತ್ತು ಅಡಿಕೆ ಸಿಪ್ಪೆ ಅಲ್ಲೇ ಸಾಕ್ಷಿ ಹೇಳುತ್ತವೆ. ಕಷ್ಟ ಇರುವುದು ಅರ್ಧ ಕಡಿದು ಬಿಟ್ಟ ವೈರಿನದು. ಅದು ಬೇಸಗೆಯಲ್ಲಿ ಸುಮ್ಮನಿದ್ದು ಮಳೆಗಾಲಕ್ಕೆ ಕಿಲುಬು ಹಿಡಿಯುತ್ತದೆ.

ಅಲ್ಲಾಡಿಸಿ ನೋಡಿ

ಎಂಜಿನ್ ಓಡುತ್ತಿರಲಿ, ದೋಷದ ಸರ್ಕ್ಯೂಟ್ ಆನ್ ಇರಲಿ. ಒಬ್ಬರು ಲೈಟ್ ಅಥವಾ ಮೀಟರ್ ನೋಡಲಿ, ಇನ್ನೊಬ್ಬರು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತ ಹೋಗಲಿ. ಕಪ್ಲರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲನೆ ತಟ್ಟಿ. ಬಿಸಿಯ ಅನುಮಾನ ಇದ್ದರೆ ಹೇರ್ ಡ್ರೈಯರ್, ಮಳೆಯ ಅನುಮಾನ ಇದ್ದರೆ ಸ್ಪ್ರೇ ಬಾಟಲಿಯಲ್ಲಿ ನೀರು. ಒಂದು ಸಲಕ್ಕೆ ಒಂದೇ ಜಾಗ. ಇಲ್ಲದಿದ್ದರೆ ಯಾವುದರಿಂದ ಆಯಿತೆಂದು ಗೊತ್ತಾಗುವುದಿಲ್ಲ. ಮತ್ತೆ, ಮುಂಡು ಉಟ್ಟುಕೊಂಡು ಓಡುವ ಎಂಜಿನ್ ಮೇಲೆ ಬಗ್ಗಬೇಡಿ ಮಾರಾಯ್ರೇ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ.

ಜಾಗ ಸಿಕ್ಕಿದರೆ ಕಪ್ಲರ್ ಬಿಚ್ಚಿ ಟಾರ್ಚ್ ಹಾಕಿ. ಹಸಿರು ಪುಡಿ, ಕಪ್ಪಾದ ಪಿನ್, ಹಿಂದಕ್ಕೆ ಜಾರಿದ ಪಿನ್, ಬಾಯಿ ಅಗಲವಾದ ಹೆಣ್ಣು ಪಿನ್ ಉಂಟಾ ನೋಡಿ. ಪರೀಕ್ಷೆಗೆಂದು ವೈರಿನ ಮೈಗೆ ಸೂಜಿ ಚುಚ್ಚುವ ಅಭ್ಯಾಸ ಹಲವರಿಗೆ ಇದೆ. ನಮ್ಮ ಉಪ್ಪು ಗಾಳಿಯಲ್ಲಿ ಆ ತೂತೇ ಮುಂದಿನ ಮಳೆಗಾಲದ ದೋಷ.

ಫ್ಯೂಸ್ ಹೋಗುತ್ತಲೇ ಇದ್ದರೆ

ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. 10 ಹೋದಲ್ಲಿ 20 ಹಾಕುವುದು ಬೆಂಕಿಗೆ ಕೊಡುವ ಆಮಂತ್ರಣ. ಅದರ ಬದಲು ಫ್ಯೂಸ್ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ವೈರಿನಿಂದ ಜೋಡಿಸಿ, ಆ ಸರ್ಕ್ಯೂಟಿನ ವಸ್ತುಗಳನ್ನೆಲ್ಲ ಆಫ್ ಮಾಡಿ. ಎಲ್ಲೋ ಶಾರ್ಟ್ ಆದಾಗ ಬಲ್ಬ್ ಪೂರ್ತಿ ಉರಿಯುತ್ತದೆ. ಎರಡು ಆಂಪಿಯರಿಗಿಂತ ಜಾಸ್ತಿ ಹರಿಯದ ಕಾರಣ ವೈರು ಸುಡುವುದಿಲ್ಲ. ಬಲ್ಬ್ ನೋಡುತ್ತ ವೈರು ಅಲ್ಲಾಡಿಸಿ. ನಂದಿದ ಜಾಗದಲ್ಲೇ ಶಾರ್ಟ್. ಏರ್‌ಬ್ಯಾಗ್ ಮತ್ತು ಎಂಜಿನ್ ಕಂಪ್ಯೂಟರಿನ ಫ್ಯೂಸಿಗೆ ಇದು ಬೇಡ.

ಅಂಗಡಿಯಲ್ಲಿ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ರಿವರ್ಸ್ ಕ್ಯಾಮೆರಾ, ಜೋರು ಹಾರ್ನ್, ಫಾಗ್ ಲ್ಯಾಂಪ್ ಇದ್ದರೆ ಬೇರೆಲ್ಲ ಬಿಟ್ಟು ಮೊದಲು ಆ ಜಾಯಿಂಟ್‌ಗಳನ್ನು ನೋಡಿ. ಸುತ್ತಿದ ಟೇಪ್ ಬಿಸಿಲಿಗೆ ಗೋಂದಾಗಿ ಬಿಟ್ಟುಕೊಂಡಿರುತ್ತದೆ.

ಸ್ಕ್ಯಾನರ್ ಹೇಳುವುದೆಷ್ಟು?

ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ) ಉಪಯೋಗಕ್ಕೆ ಬರುತ್ತದೆ, ಆದರೆ ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸಬೇಡಿ. ಪಿ 0335 ಅಂದರೆ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಸರ್ಕ್ಯೂಟ್ ಎಂದರೆ ಸೆನ್ಸರ್, ಕಪ್ಲರ್, ವೈರು ಎಲ್ಲ ಸೇರಿ. ಯು ಅಕ್ಷರದ ಕೋಡುಗಳು ರಾಶಿ ಬಂದರೆ ಕಂಪ್ಯೂಟರ್‌ಗಳ ನಡುವಿನ ಮಾತುಕತೆ ಕಡಿದಿದೆ, ಅಥವಾ ವೋಲ್ಟೇಜ್ ಬಿದ್ದಿದೆ. ಬ್ಯಾಟರಿ ಕಳಚಿ, ಓಬಿಡಿ ಸಾಕೆಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆದರೆ ಹೆಚ್ಚಿನ ಕಾರುಗಳಲ್ಲಿ 60ರ ಹತ್ತಿರ ಬರಬೇಕು. 120 ಬಂದರೆ ಆ ಲೈನಿನ ಒಂದು ಕೊನೆ ತುಂಡಾಗಿದೆ.

ಜೋಡಿಸುವುದು

ಹೊಳೆಯುವ ತಾಮ್ರ ಸಿಗುವವರೆಗೆ ವೈರು ಕತ್ತರಿಸಿ. ಕಪ್ಪಾದ ತಾಮ್ರಕ್ಕೆ ಜಾಯಿಂಟ್ ಹಾಕಿದರೆ ನಿಲ್ಲುವುದಿಲ್ಲ. ಅಷ್ಟೇ ದಪ್ಪದ ವೈರು ತಂದು, ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗಿಟ್ಟು ಒತ್ತಿ ಬಿಗಿಸಿ), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಬಾಗುವ ಜಾಗದಲ್ಲಿ ಬೆಸುಗೆ ಬೇಡ, ಬೆಸುಗೆ ಮುಗಿಯುವಲ್ಲೇ ವೈರು ಮತ್ತೆ ಮುರಿಯುತ್ತದೆ. ಜಾಯಿಂಟನ್ನು ರಬ್ಬರ್ ಕೊಳವೆಯ ಹೊರಗೆ ತಂದರೆ ಒಳ್ಳೆಯದು. ಕಪ್ಲರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ರಬ್ಬರ್ ಸೀಲಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ (ಕರೆಂಟು ಹರಿಯಗೊಡದ) ಗ್ರೀಸ್ ಸಾಕು.

ವಾರಂಟಿ ಇರುವ ಕಾರಿನ ವೈರು ಕತ್ತರಿಸಲು ಹೋಗಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹತ್ತಿರವೂ ಹೋಗಬೇಡಿ. ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದಾದರೆ ಬರೆದಿಟ್ಟ ಸಾಲುಗಳನ್ನು, ಸಾಧ್ಯವಾದರೆ ದೋಷದ ವಿಡಿಯೋವನ್ನೂ ತೋರಿಸಿ. ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಬಂತು ಎಂದು ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ಬಿಲ್ಲೂ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಕತ್ತರಿಸಿ ತೆಗೆದ ವೈರಿನ ತುಂಡು ಕೇಳಿ ಪಡೆಯಿರಿ. ಕೊಡಲು ತುಂಡೇ ಇಲ್ಲ, ಬರೇ ಟೇಪ್ ಸುತ್ತಿದ್ದು ಅಂದರೆ, ಇನ್ನೊಮ್ಮೆ ಬಿಚ್ಚಿ ಸರಿಮಾಡಿಕೊಡಲು ಅಲ್ಲೇ ಹೇಳಿ.