ಟ್ಯಾಲಿಗಿಂತ ಮೊದಲು ಕೈಬರಹದ ಲೆಕ್ಕ: ನನ್ನ ಅನುಭವ

ಕಾಮರ್ಸ್ ಓದದವರು ಅಕೌಂಟ್ಸ್ ಕಲಿಯಬೇಕು ಅಂದರೆ ಮೊದಲೇ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕ್ಲಾಸಿಗೆ ಸೇರಬೇಡಿ. ನಾನು ಬಿ.ಎಸ್ಸಿ ಕೆಮಿಸ್ಟ್ರಿ. ಒಂದು ನಿಜವಾದ ಅಂಗಡಿಯ ಒಂದು ತಿಂಗಳ ಬಿಲ್ಲುಗಳನ್ನು ಕೈಯಲ್ಲೇ ಬರೆದು, ಜರ್ನಲ್‌ನಿಂದ (ವ್ಯವಹಾರದ ಮೊದಲ ನಮೂದು) ಅಢಾವೆ ಪತ್ರಿಕೆವರೆಗೆ (ಬ್ಯಾಲೆನ್ಸ್ ಶೀಟ್) ತಂದು, ಆಮೇಲೆ ಕಂಪ್ಯೂಟರ್ ಮುಟ್ಟಿದೆ. ಆಗದ ಕೆಲಸ ಅಂದವರೇ ಜಾಸ್ತಿ. ಈಗ ದಾವಣಗೆರೆಯಲ್ಲಿ ಆಡಿಟರ್ ಆಫೀಸಿನ ಕೆಲಸ, ಸಂಜೆ ನಾಲ್ಕೈದು ಅಂಗಡಿಗಳ ಲೆಕ್ಕ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಟ್ಯಾಲಿ ಕೋರ್ಸಿಗೆ ಸುಮಾರು 9,000 ಕಟ್ಟಿದ್ದೆ. ಅಲ್ಲಿ ಕಲಿಸಿದ್ದು ಕೀಲಿಗಳು: ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್. ಡೆಬಿಟ್, ಕ್ರೆಡಿಟ್ ಎರಡು ಬದಿ ಸರಿಹೋಗದ ವೋಚರನ್ನು (ಒಂದು ವ್ಯವಹಾರದ ನಮೂದು) ಸಾಫ್ಟ್‌ವೇರ್ ಒಳಗೇ ಬಿಡುವುದಿಲ್ಲ, ಹಾಗಾಗಿ ಯಾಕೆ ಸರಿಹೋಯಿತು ಅಂತ ಕೇಳುವ ಗರಜೇ ಬೀಳಲಿಲ್ಲ. ಆಮೇಲೆ ಒಂದು ಇಂಟರ್‌ವ್ಯೂನಲ್ಲಿ, ಮಾಲೀಕರು ಗಲ್ಲಾದಿಂದ ಮಗಳ ಫೀಸ್ ಕಟ್ಟಿದರೆ ಎಂಟ್ರಿ ಏನು ಅಂದರು. ಡ್ರಾಯಿಂಗ್ಸ್ (ಮಾಲೀಕರು ಸ್ವಂತಕ್ಕೆ ತೆಗೆದ ದುಡ್ಡು) ಡೆಬಿಟ್, ಕ್ಯಾಶ್ ಕ್ರೆಡಿಟ್, ಅಷ್ಟೇ. ಬಾಯಿಗೆ ಬರಲಿಲ್ಲ. ಆಮೇಲೆ 3,500ರ ಹತ್ತಿರದ ವಿಡಿಯೋ ಕೋರ್ಸ್ ಬೇರೆ. ಅದೂ ಅರ್ಧಕ್ಕೇ ನಿಂತಿತು.

ಕೊನೆಗೆ ರಾಣೆಬೆನ್ನೂರಿನಲ್ಲಿ ಸೋದರಮಾವನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಹಿಂದಿನ ಏಪ್ರಿಲ್ ತಿಂಗಳ ಬಿಲ್ಲು, ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದೆ. "ಲೇ, ಕಂಪ್ಯೂಟರ್ ಇರೋ ಕಾಲದಾಗ ಪುಸ್ತಕ ಯಾರ ಬರೀತಾರ?" ಅಂದ ಮಾವ. ಬಿ.ಕಾಂ ಮುಗಿಸಿದ ಗೆಳೆಯನದೂ ಅದೇ ಮಾತು. ಇನ್ನೂರು ರೂಪಾಯಿ ಚಿಲ್ಲರೆಗೆ ಒಂದು ಕ್ಯಾಶ್ ಬುಕ್ಕು, ಒಂದು ದಪ್ಪ ಲೆಜರು (ಖಾತೆವಾರು ಪುಸ್ತಕ) ತಂದೆ. ಓದಲಿಕ್ಕೆ ಐಸಿಎಐನ (ಸಿಎ ಪರೀಕ್ಷೆ ನಡೆಸುವ ಸಂಸ್ಥೆ) ಫೌಂಡೇಷನ್ ಪಠ್ಯ. ಅದು ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಇದೆ, ಇದಕ್ಕೆ ದುಡ್ಡು ಕೊಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಅಪೂರ್ಣ ದಾಖಲೆಗಳಿಂದ ಲೆಕ್ಕ ಕಟ್ಟುವ ಅಧ್ಯಾಯವನ್ನು ತುಂಬಾ ಜನ ಪರೀಕ್ಷೆಗೆ ಅಂತಷ್ಟೇ ಓದುತ್ತಾರೆ. ನನ್ನ ಪ್ರಕಾರ ನಮ್ಮ ಊರಿನ ಅಂಗಡಿ ಅಂದರೆ ಆ ಅಧ್ಯಾಯವೇ.

ಮೊದಲ ವಾರ ಸುಮ್ನೆ ಕ್ಯಾಶ್ ಬುಕ್ಕು ಮಾತ್ರ. ದಿನದ ಶಿಲ್ಕು (ಉಳಿದ ನಗದು) ಸರಿಯಾಗುವವರೆಗೆ ಮುಂದಿನ ತಾರೀಕಿಗೆ ಹೋಗುವುದಿಲ್ಲ ಅಂತ ಹಟ. ಆಮೇಲೆ ಬ್ಯಾಂಕ್. ನಮ್ಮ ಪುಸ್ತಕದಲ್ಲಿ ಡೆಬಿಟ್ ಆದದ್ದು ಸ್ಟೇಟ್‌ಮೆಂಟಿನಲ್ಲಿ ಕ್ರೆಡಿಟ್ (ನಮ್ಮ ದುಡ್ಡು ಬ್ಯಾಂಕಿಗೆ ಸಾಲ), ಇದು ಅಕೌಂಟ್ಸ್ ಓದಿದವರಿಗೆಲ್ಲ ಗೊತ್ತು. ಆದರೆ ಕೈಯಲ್ಲಿ ಬರೆದು ಒಂದೊಂದಕ್ಕೂ ಪೆನ್ಸಿಲ್ ಟಿಕ್ ಹಾಕಿದಾಗ ಅದು ತಲೆಯಲ್ಲಿ ಕೂತಂತೆ ಬೇರೆ ಯಾವಾಗಲೂ ಕೂತಿಲ್ಲ. ಮಾವನಿಗೇ ಗೊತ್ತಿಲ್ಲದ ಬ್ಯಾಂಕ್ ಚಾರ್ಜು ಅಲ್ಲೇ ಸಿಕ್ಕಿತು. ಅವತ್ತಿನಿಂದ ಚಹಾ ತಾನೇ ಬರತೊಡಗಿತು.

ತಾಳೆಪಟ್ಟಿ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿ ತಾಳೆ ನೋಡುವ ಪಟ್ಟಿ) ಮೊದಲ ಸಲ 360 ರೂಪಾಯಿ ವ್ಯತ್ಯಾಸ ತೋರಿಸಿತು. ತಪ್ಪು ಬದಿಗೆ ಬರೆದರೆ ವ್ಯತ್ಯಾಸ ಎರಡು ಪಟ್ಟು ಬರುತ್ತದೆ, ಹಾಗಾಗಿ ಅರ್ಧ ಮಾಡಿದರೆ 180. ಆ ಮೊತ್ತದ ಎಂಟ್ರಿ ತಪ್ಪು ಬದಿಯಲ್ಲಿ ಕೂತಿದೆಯಾ ಅಂತ ನೋಡಿದೆ, ಇಲ್ಲ. 9ರಿಂದ ಭಾಗಿಸಿದೆ, ಸರಿಯಾಗಿ 40. ಅಂಕಿ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಅಂದರೆ ಇಲ್ಲೂ ಹಾಗೇ ಆಗಿರಬಹುದು, ಅದೂ ನೂರು ಮತ್ತು ಹತ್ತರ ಸ್ಥಾನದಲ್ಲಿ, ಆ ಎರಡು ಅಂಕಿಗಳ ನಡುವೆ ನಾಲ್ಕರ ಅಂತರ. ಅಂಥವನ್ನೇ ಹುಡುಕಿದೆ. ಪೇಂಟ್ ಸಪ್ಲೈಯರ್ ಖಾತೆಯಲ್ಲಿ 4,730 ಇರಬೇಕಾದ ಜಾಗದಲ್ಲಿ 4,370! ಟ್ಯಾಲಿಯಲ್ಲಿ ಈ ಸುಖ ಸಿಗುವುದಿಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಪ್ರತಿ ಖಾತೆಗೆ ಒಂದು ರಟ್ಟಿನ ಚೀಟಿ ಮಾಡಿ ನೆಲದ ಮೇಲೆ ಎಡ ಬಲ ಜೋಡಿಸಿದೆ. ಹತ್ತಿಪ್ಪತ್ತು ಖಾತೆವರೆಗೆ ಚೆನ್ನ, ಆಮೇಲೆ ಫ್ಯಾನ್ ಹಾಕುವ ಹಾಗಿಲ್ಲ. ಮನೆಯ ಸ್ಕೂಟರಿಗೆ ಆದಾಯ ತೆರಿಗೆಯ ಶೇ. 15ರ ಲೆಕ್ಕದಲ್ಲಿ ಸವಕಳಿ (ಬಳಕೆಯಿಂದ ಇಳಿಯುವ ಬೆಲೆ) ಹಾಕಿದೆ: 60,000 ಮೊದಲ ವರ್ಷ 51,000, ಎರಡನೇ ವರ್ಷ 43,350. ಅಪ್ಪನಿಗೆ ತೋರಿಸಿದೆ, ಬೇಜಾರು ಮಾಡಿಕೊಂಡರು. ಆದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೇ ಸವಕಳಿ ಹಾಕುವ ಈ ಇಳಿಕೆ ಕ್ರಮ ಆಮೇಲೆ ಮರೆತಿಲ್ಲ.

ಇಷ್ಟಕ್ಕೆ ಎರಡು ತಿಂಗಳ ಮೇಲೇ ಹಿಡಿಯಿತು. ಆಮೇಲೆ ಅದೇ ತಿಂಗಳನ್ನು ಟ್ಯಾಲಿಗೆ ಹಾಕಿದೆ, ಎರಡು ಮೂರು ದಿನದ ಕೆಲಸ, ಉತ್ತರ ರೂಪಾಯಿಗೆ ರೂಪಾಯಿ ಒಂದೇ. ಮಾವ ಪಕ್ಕದ ಅಂಗಡಿಯವರನ್ನು ಕರೆದು ತೋರಿಸಿದ. ನನ್ನ ಮೊದಲ ಗಿರಾಕಿ ಅವರೇ, ತಿಂಗಳಿಗೆ 1,500. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಆಫೀಸಿನಲ್ಲಿ ಗೊಂದಲವೋ ಗೊಂದಲ. 28ರಲ್ಲಿ ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಹಕ್ಕು) ತೆಗೆದುಕೊಂಡ ಹಳೇ ಮೂಟೆ ಈಗ 18ಕ್ಕೆ ಮಾರಾಟ. ಒಂದು ಹಾಳೆಯಲ್ಲಿ ಇನ್‌ಪುಟ್ (ಖರೀದಿಯ ತೆರಿಗೆ), ಔಟ್‌ಪುಟ್ (ಮಾರಾಟದ ತೆರಿಗೆ) ಖಾತೆ ಗೆರೆ ಎಳೆದು ತೋರಿಸಿದ್ದು ನಾನೇ.

ಚೀಟಿಯೇ ಇಲ್ಲದ ಗಲ್ಲಾದಿಂದ ದಿನದ ನಗದು ವ್ಯಾಪಾರ ಹೇಗೆ ಹೊರತೆಗೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಗಿರಾಕಿಗಳು ಬರುವುದೇ ಅದಕ್ಕೆ. ಶುರು ಮಾಡುವವರು ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳಿ, ಮಾರ್ಚ್ 31ರ ಅಢಾವೆ ಪತ್ರಿಕೆಯಿಂದ ಆರಂಭದ ಬಾಕಿಗಳು ಸಿದ್ಧವಾಗಿ ಸಿಗುತ್ತವೆ. ಉದ್ರಿ ಜಾಸ್ತಿ ಇರುವ ಕಿರಾಣಿ ಅಂಗಡಿ ಮೊದಲಿಗೆ ಬೇಡ. ಹಾರ್ಡ್‌ವೇರ್, ಮೆಡಿಕಲ್ ಶಾಪ್ ಥರದ್ದು ಸಿಕ್ಕರೆ ಒಳ್ಳೆಯದು, ಖರೀದಿ ಬಿಲ್ಲುಗಳು ಸರಿಯಾಗಿರುತ್ತವೆ.