ಕಸಿಯ ನಂತರದ ರಕ್ತ: ದಾವಣಗೆರೆಯಿಂದ ಆರ್‌ಎನ್‌ಎ ಕೆಡದಂತೆ ಕಳಿಸುವ ನಮ್ಮ ಕ್ರಮ

ದಾನಿಯ ಸ್ಟೆಮ್‌ಸೆಲ್ (ರಕ್ತ ತಯಾರಿಸುವ ಮೂಲಕೋಶ) ಕಸಿ ಮಾಡಿಸಿಕೊಂಡು ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆಗೆ ಮರಳಿದವರ ರಕ್ತವನ್ನು ನಾವು ಇಲ್ಲೇ ತೆಗೆದು ಬೆಂಗಳೂರಿಗೆ ಕಳಿಸುತ್ತೇವೆ. ತಿಳಿಯಬೇಕಾದದ್ದು ಎರಡು: ಮೈಯೊಳಗೆ ಅಡಗಿದ್ದ ಸೈಟೊಮೆಗಲೊ ವೈರಸ್, ಅಂದರೆ ಸಿಎಂವಿ, ಮತ್ತೆ ಎದ್ದಿದೆಯೇ? ರೋಗನಿರೋಧಕ ಕೋಶಗಳಲ್ಲಿ ಯಾವ ಜೀನ್‌ಗಳು ಚುರುಕಾಗಿವೆ? ಜೀನ್ ಚುರುಕಾದಾಗ ಅದರ ನಕಲಾಗಿ ಆರ್‌ಎನ್‌ಎ ತಯಾರಾಗುತ್ತದೆ, ಲ್ಯಾಬ್ ಅಳೆಯುವುದು ಅದನ್ನೇ.

ವೈರಸ್‌ನ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಸಿಎಂವಿ ಪಿಸಿಆರ್‌ಗೆ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬ್ ಸಾಕು. ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ, ಅಂದರೆ ಸೆಂಟ್ರಲ್ ಲೈನ್, ಕಟ್ಟಿಕೊಳ್ಳದಂತೆ ಅದರಲ್ಲಿ ಬಿಡುವ ಹೆಪಾರಿನ್ ಪಿಸಿಆರ್‌ಗೆ ಅಡ್ಡಿ. ಹಾಗಾಗಿ ಆ ಲೈನ್‌ನಿಂದ ತೆಗೆಯುವಾಗ ಮೊದಲ 5 ಮಿ.ಲೀ. ಚೆಲ್ಲುತ್ತೇವೆ. ಪ್ಲಾಸ್ಮಾದ (ರಕ್ತಕಣ ಬೇರ್ಪಡಿಸಿದ ದ್ರವದ) ಅಂಕಿಯನ್ನು ಪೂರ್ತಿ ರಕ್ತದ ಅಂಕಿಗೆ ಹೋಲಿಸುವಂತಿಲ್ಲ. ಪ್ರತಿ ವಾರವೂ ಅದೇ ಲ್ಯಾಬ್, ಅದೇ ಬಗೆಯ ಸ್ಯಾಂಪಲ್ ಇರಬೇಕು. ಮೂರು ಪಟ್ಟಿಗಿಂತ ಕಡಿಮೆ ಏರಿಳಿತ ಪರೀಕ್ಷೆಯದ್ದೇ ಆಗಿರಬಹುದು.

ಜೀನ್ ಪರೀಕ್ಷೆಯದು ಬೇರೆ ಕಥೆ. ಟ್ಯೂಬಿಗೆ ಬಿದ್ದ ಮೇಲೂ ಬಿಳಿ ರಕ್ತಕಣಗಳು ಬದುಕಿರುತ್ತವೆ. ಕೆಲವು ಜೀನ್‌ಗಳು ಅಲ್ಲೇ ಚುರುಕಾಗುತ್ತವೆ, ಕೆಲವು ಆರ್‌ಎನ್‌ಎ ಒಡೆದು ನಾಶವಾಗುತ್ತದೆ. ಆ ಕ್ಷಣವನ್ನೇ ಹಿಡಿದಿಡಲು ಆರ್‌ಎನ್‌ಎ ಕಾಪಾಡುವ ದ್ರಾವಣವಿರುವ ಪ್ಯಾಕ್ಸ್‌ಜೀನ್ ಟ್ಯೂಬ್ ಬೇಕು. ಅದನ್ನು ಎಲ್ಲಕ್ಕಿಂತ ಕೊನೆಗೆ, ತೋಳಿಗಿಂತ ಕೆಳಗೆ ನೆಟ್ಟಗೆ ಹಿಡಿದು ತುಂಬುತ್ತೇವೆ, ಒಳಗಿನ ದ್ರಾವಣ ರಕ್ತನಾಳಕ್ಕೆ ಹಿಂದಿರುಗಬಾರದು. ರಕ್ತ 2.5 ಮಿ.ಲೀ. ಇರಲೇಬೇಕು, ಕಡಿಮೆಯಾದರೆ ದ್ರಾವಣದೊಂದಿಗಿನ ಪ್ರಮಾಣ ತಪ್ಪುತ್ತದೆ. ಕೂಡಲೇ 8ರಿಂದ 10 ಬಾರಿ ನಿಧಾನ ಮಗುಚಬೇಕು, ಕುಲುಕಬಾರದು. ನಂತರ ಕನಿಷ್ಠ 2 ಗಂಟೆ 18ರಿಂದ 25 ಡಿಗ್ರಿಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಅದೇ ತಾಪದಲ್ಲಿ 3 ದಿನ ತಡೆಯುತ್ತದೆ. ಆದರೆ ಏಪ್ರಿಲ್‌ನಲ್ಲಿ ದಾವಣಗೆರೆಯ ಕೋಣೆ 25 ಡಿಗ್ರಿ ಎಲ್ಲಿ ಇರುತ್ತದೆ? ಎಸಿ ಕೋಣೆ ಇಲ್ಲವಾದರೆ 2 ಗಂಟೆಯನ್ನು ಅಲ್ಲಿಯ ತಂಪಾದ ಮೂಲೆಯಲ್ಲಿ ಕಳೆಸಿ ಫ್ರಿಜ್‌ಗೆ ಹಾಕುವುದೇ ಮೇಲು. ಅಲ್ಲಿ 5 ದಿನ ಇರುತ್ತದೆ. ಹೆಚ್ಚು ದಿನ ಇಡುವುದಾದರೆ ತಂತಿಯ ರ‍್ಯಾಕ್‌ನಲ್ಲಿ ಮೈನಸ್ 20ಕ್ಕೆ 24 ಗಂಟೆ, ಆಮೇಲೆ ಮೈನಸ್ 70ಕ್ಕೆ. ಥರ್ಮಾಕೋಲ್ ರ‍್ಯಾಕ್‌ನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಟ್ಯೂಬ್ ಬಿರುಕು ಬಿಡುತ್ತದೆ.

ವರದಿ ಓದುವಲ್ಲಿ ಹೆಚ್ಚು ಎಡವುತ್ತಾರೆ. ಐಎಫ್‌ಐ44ಎಲ್, ಎಂಎಕ್ಸ್1, ಐಎಸ್‌ಜಿ15 ಎಂಬ ಜೀನ್‌ಗಳು ಏರಿದರೆ, ವೈರಸ್ ವಿರುದ್ಧ ದೇಹ ಬಿಡುವ ಎಚ್ಚರಿಕೆಯ ಸಂಕೇತವಾದ ಇಂಟರ್‌ಫೆರಾನ್ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಅದು ಯಾವ ವೈರಸ್ ಎಂದು ಅವು ಹೇಳುವುದಿಲ್ಲ. ದಾನಿಯ ಕೋಶಗಳು ರೋಗಿಯ ಅಂಗಗಳ ಮೇಲೆ ಬೀಳುವ ಜಿವಿಎಚ್‌ಡಿಯಲ್ಲೂ ಅವು ಏರಬಹುದು, ಸ್ಟೀರಾಯ್ಡ್ ಆ ಏರಿಕೆಯನ್ನು ಮರೆಮಾಚಬಹುದು. ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳ ಗುರುತಾದ ಸಿಡಿ8ಎ ಜೀನ್ ತಗ್ಗಿದ್ದರೆ, ಅದು ಮಲಗಿದೆ ಎನ್ನುವ ಮೊದಲು ಲಿಂಫೊಸೈಟ್ (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣ) ಎಣಿಕೆ ನೋಡಬೇಕು: ಕೋಶಗಳೇ ಇಲ್ಲದಿದ್ದರೆ ಜೀನ್ ಎಲ್ಲಿಂದ ಬರಬೇಕು? ಅದೇ ದಿನದ ಸಿಬಿಸಿ (ರಕ್ತಕಣಗಳ ಎಣಿಕೆ), ಡಿಫರೆನ್ಷಿಯಲ್ (ಬಿಳಿ ಕಣಗಳ ಬಗೆವಾರು ಎಣಿಕೆ) ಇಲ್ಲದ ಜೀನ್ ವರದಿಯನ್ನು ನಾನು ನಂಬುವುದಿಲ್ಲ.

ಸಿಎಂವಿ ಏಳದಂತೆ ಲೆಟರ್‌ಮೊವಿರ್ ತೆಗೆದುಕೊಳ್ಳುತ್ತಿರುವವರಲ್ಲಿ ಇನ್ನೊಂದು ತೊಡಕು. ಈ ಔಷಧ ವೈರಸ್‌ನ ಡಿಎನ್‌ಎ ತುಂಡಾಗಿ ಕವಚ ಸೇರುವುದನ್ನು ತಡೆಯುತ್ತದೆ, ಡಿಎನ್‌ಎ ತಯಾರಾಗುವುದನ್ನಲ್ಲ. ಪೂರ್ಣ ವೈರಸ್ ಇಲ್ಲದೆಯೂ ಪಿಸಿಆರ್‌ನಲ್ಲಿ ಸಣ್ಣ ಅಂಕಿ ಕಾಣಿಸಬಹುದು. ಸಿಎಂವಿಗೆ ಕೊಡುವ ಗ್ಯಾನ್‌ಸೈಕ್ಲೊವಿರ್ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ ಕಣಗಳನ್ನು ಇಳಿಸುವುದರಿಂದ ಅದನ್ನು ಸುಮ್ಮನೆ ಶುರು ಮಾಡುವಂತಿಲ್ಲ; ಆ ತೀರ್ಮಾನ ಕಸಿ ಮಾಡಿದ ವೈದ್ಯರದ್ದೇ. ಅವರಿಗೆ ನೆರವಾಗಲೆಂದು ಚೀಟಿಯ ಮೇಲೆ ಕಸಿಯಾಗಿ ಎಷ್ಟನೇ ದಿನ, ಯಾವ ಔಷಧ, ಸ್ಟೀರಾಯ್ಡ್ ಎಷ್ಟು ಮಿ.ಗ್ರಾಂ, ರಕ್ತ ತೆಗೆದ ಗಂಟೆ ಇಷ್ಟನ್ನೂ ಬರೆದೇ ಡಬ್ಬಿ ಮುಚ್ಚುತ್ತೇವೆ.